ಹನ್ನೆರಡು ಮೊಳ ನೀರು

ಅವನನ್ನು ಎರಡೂ ದಡದವರು ಗಳದಣ್ಣ ಎನ್ನುತ್ತಿದ್ದರು. ಮೊಳಕ್ಕೊಂದು ಗೀರು ಹಾಕಿದ ಉದ್ದನೆಯ ಬಿದಿರು ಗಳದಿಂದ ನದಿಯ ಆಳ ನೋಡುವುದೇ ಮೂವತ್ತು ವರ್ಷ ಅವನ ಕೆಲಸ. ಗಳಕ್ಕೆ ಮೆತ್ತಿದ ಮಣ್ಣು ಬೂದು ಬಣ್ಣದ್ದಾಗಿದ್ದರೆ ಹಿಮದ ಬೆಟ್ಟದ್ದು, ಕೆಂಪಾಗಿದ್ದರೆ ನಡುವಿನ ಎತ್ತರದ ನೆಲದ್ದು ಎನ್ನುತ್ತಿದ್ದ. ನದಿಯನ್ನು ತೋರಿಸಿ ಹೇಳುತ್ತಿದ್ದ:

“ಬೆಟ್ಟದಲ್ಲಿ ಇವಳು ಹೇಳಿದ ಮಾತು ಕೇಳ್ತಾಳೆ, ಎರಡು ಕಡೆ ಬಂಡೆ ಇದೆಯಲ್ಲ! ಬಯಲಿಗೆ ಇಳಿದ್ಮೇಲೆ ಯಾರಪ್ಪನ ಮಾತೂ ಕೇಳಲ್ಲ. ಸಮುದ್ರ ಸೇರೋವರೆಗೂ ಮಗ್ಗುಲು ಬದಲಾಯಿಸ್ತಾನೇ ಇರ್ತಾಳೆ.”

ಊರಿನ ಮುಂದೆ ನದಿ ಮರಳುದಿಬ್ಬವೊಂದನ್ನು ಬಳಸಿ ಎರಡು ಕವಲಾಗುತ್ತದೆ. ಬೇಸಗೆಯಲ್ಲಿ ನೀರು ತೀರ ಇಳಿದ ದಿನ ಎರಡನ್ನೂ ಅಳೆಯಬೇಕು. ಆಳದ ಕವಲೇ ಎರಡು ಊರುಗಳ ಗಡಿ. ಆಚೆಯದು ಆಳವಾದರೆ ದಿಬ್ಬ ಈಚೆಯವರದು, ಈಚೆಯದು ಆಳವಾದರೆ ಆಚೆಯವರದು. ಒಂಬತ್ತು ವರ್ಷದಿಂದ ಅದು ಈಚೆಯವರದಾಗಿತ್ತು. ಅವನ ಬಾಮೈದ ಅಲ್ಲಿ ಕಲ್ಲಂಗಡಿ ಹಾಕಿದ್ದ. ಕಾಯಿ ಇನ್ನೂ ಎಳೆಯದು.

ಆ ದಿನ ಆಚೆ ಕವಲು ಹನ್ನೊಂದು ಮೊಳ ಬಂತು. ಈಚೆಯ ನೀರು ಹನ್ನೆರಡನೆಯ ಗೀರನ್ನು ನುಂಗಿತು. ದೋಣಿಯಲ್ಲಿದ್ದ ಬಾಮೈದನಿಗೂ ಅದು ಕಂಡಿತು.

“ಭಾವ, ಹತ್ತು ಅಂತ ಕೂಗಿ.”

“ಇರೋದು ಹನ್ನೆರಡು.”

“ಅಕ್ಕನ್ನೇ ಕೊಟ್ಟಿದ್ದೀವಿ. ಎರಡು ಮೊಳ ಬಿಟ್ಕೊಡಕ್ಕಾಗಲ್ವಾ?”

“ನಿಮ್ಮಕ್ಕನ್ನ ಅಳೆದು ತಗೊಳ್ಳಲಿಲ್ಲ ಮಾರಾಯ. ಇದನ್ನ ಅಳೀಲೇಬೇಕು.”

ಅಂಬಿಗ ನಕ್ಕ. ಬಾಮೈದ ನಗಲಿಲ್ಲ.

ಗಳದಣ್ಣ ನಿಂತು, ಎರಡೂ ದಡಕ್ಕೆ ಕೇಳುವಂತೆ ಕೂಗಿದ: “ಹನ್ನೆರಡು!”

ಬಾಮೈದ ಅಂಬಿಗನ ಕೈಯಿಂದ ಹುಟ್ಟು ಕಿತ್ತುಕೊಂಡು ಬೀಸಿದ. ದವಡೆ ಮುರಿಯಿತು. ಗಳದಣ್ಣನ ಎರಡೂ ಕೈ ಗಳದ ಮೇಲಿದ್ದವು. ಅದು ಕೊಚ್ಚಿಹೋದೀತೆಂದು ಬಿಡಲಿಲ್ಲ, ತಲೆಗೆ ಕೈ ಅಡ್ಡ ಹಿಡಿಯಲೂ ಇಲ್ಲ. ರಕ್ತ ಉಗುಳಿ ಮತ್ತೆ ಕೂಗಲು ಬಾಯಿ ತೆರೆದ. ಎರಡನೆಯ ಏಟು ಕಿವಿಯ ಮೇಲೆ ಬಿತ್ತು.

ಅಷ್ಟರಲ್ಲಿ ಆಚೆಯವರು ಕುಡುಗೋಲು ಹಿಡಿದು, ಈಚೆಯವರು ಗುದ್ದಲಿ ಹಿಡಿದು ದಿಬ್ಬಕ್ಕೆ ನುಗ್ಗಿದ್ದರು. ಬಳ್ಳಿಯ ನಡುವೆ ಕೈಗೆ ಸಿಕ್ಕವರನ್ನು ಕೊಚ್ಚಿದರು. ಒಬ್ಬನ ಬೆರಳುಗಳು ಮರಳಿನಲ್ಲೇ ಉಳಿದವು. ಒಡೆದ ಎಳೆಗಾಯಿಗಳ ಬಿಳಿ ತಿರುಳು ಕೆಂಪಾಯಿತು.

ದೋಣಿ ದಡ ಮುಟ್ಟುವ ಮೊದಲೇ ಗಳದಣ್ಣನ ಉಸಿರು ನಿಂತಿತ್ತು.

ಸಂಜೆ ಬಾಮೈದ ಅಕ್ಕನ ಬಾಗಿಲಿಗೆ ಬಂದ. ಅವಳು ಗಂಡನ ಮುಖ ಒರೆಸುತ್ತಿದ್ದಳು. ಯಾಕೆ ಹೊಡೆದೆ ಎಂದು ಕೇಳಲಿಲ್ಲ.

“ನೀರು ಎಷ್ಟಿತ್ತೋ?”

“ಹನ್ನೆರಡು, ಅಕ್ಕಾ.”

“ಕೂಗು.”

“ಅಕ್ಕಾ...”

“ಎರಡೂ ದಡಕ್ಕೆ ಕೇಳ್ಬೇಕು. ಹೋಗಿ ಕೂಗು.”

ಅವನು ಹೋಗಿ ದಡದಲ್ಲಿ ನಿಂತು ಕೂಗಿದ. ದನಿ ಈಚೆ ಕವಲನ್ನೂ ದಾಟಲಿಲ್ಲ.