ತೇಗಿನ ಸಾಹೇಬ

ದೊಡವಾಡದ ಹೆಂಗಸರು ದನದ ಇಲಾಖೆಯ ಕಾಂತೇಶನಿಗೆ ‘ತೇಗಿನ ಸಾಹೇಬ’ ಎಂದೇ ಹೆಸರಿಟ್ಟಿದ್ದಾರೆ. ಯಾರದೇ ಕಟ್ಟೆಯ ಮೇಲೆ ಕೂತರೂ, ಕೊಟ್ಟ ಚಹಾ ಬಸಿಗೆ ಸುರುವಿಕೊಳ್ಳುವ ಮೊದಲೇ ಅವನ ಮಾತು ಶುರು: “ಎಮ್ಮಿ ತೇಗಿದ್ರ ಗ್ಯಾಸ್ ಹೊರಗ ಬೀಳತೈತ್ರಿ, ಅದಕ್ಕ ಭೂಮಿ ಕಾಯಾಕ ಹತ್ತೈತಿ. ಹಾಲು ಬತ್ತಿದ ಎಮ್ಮಿ ಕಡಿಮಿ ಮಾಡ್ರಿ, ಉಳಿದದ್ದಕ್ಕ ಛಲೋ ಮೇವು ಹಾಕ್ರಿ. ಸರಕಾರದ ಧೋರಣಿನ ಹಂಗೈತಿ.” ಮದುವೆಯ ಪಂಕ್ತಿಯಲ್ಲಿ ಬೀಗರು ತೇಗಿದರೂ ಅವನು ಹೊರಳಿ ನೋಡುತ್ತಾನಂತೆ. ಊರಿಗೆ ಹೇಳುವವನು ಮೊದಲು ತಾನು ಮಾಡಿ ತೋರಿಸಬೇಕೆಂದು, ಅವ್ವ ಕಾಡವ್ವ ಕರುವಿನಿಂದ ಸಾಕಿದ ಮುದಿ ಎಮ್ಮೆ ಚಂದ್ರಿಯನ್ನು, ಸಗಣಿಗಾದರೂ ಇರಲಿ ಎಂದ ಓಣಿಯ ಶಟ್ಟೆವ್ವನಿಗೆ ಕೊಟ್ಟುಬಿಟ್ಟ. ಆದರೆ ಅಕ್ಕಿ ತೊಳೆದ ನೀರು ಚೆಲ್ಲಲು ಕಾಡವ್ವನಿಗೆ ಇಂದಿಗೂ ಮನಸ್ಸು ಬರುವುದಿಲ್ಲ. ಸಂಜೆಯಾದರೆ ಆ ಬಕೆಟ್ಟನ್ನು ಸ್ಕೂಟರಿನ ಮುಂದಿಟ್ಟುಕೊಂಡು ಕಾಂತೇಶನೇ ಶಟ್ಟೆವ್ವನ ಕೊಟ್ಟಿಗೆಗೆ ಒಯ್ಯುತ್ತಾನೆ. “ಎಮ್ಮಿ ನಿಮ್ಮ ಮನಿ ಬಿಟ್ಟರೂ ಗ್ಯಾಸ್ ಊರಾಗ ಉಳೀತಲ್ರಿ ಸಾಹೇಬ್ರ?” ಎಂದು ಅವಳು ಕಾಡುತ್ತಾಳೆ. ಊರಿಗೆಲ್ಲ ಉತ್ತರ ಹೇಳುವವನು ಇಲ್ಲಿ ಬಕೆಟ್ಟನ್ನು ಚಂದ್ರಿಯ ಮುಂದೆ ಸರಿಸುತ್ತಾನೆ. ಚಂದ್ರಿ ನೀರು ಕುಡಿದು, ಅವನ ಹೆಗಲಿಗೆ ಒದ್ದೆ ಮೋರೆಯನ್ನು ಒರಗಿಸಿ, ಉದ್ದಕ್ಕೆ ತೇಗುತ್ತದೆ. ತೇಗಿನ ಸಾಹೇಬ ಕಣ್ಣು ಮುಚ್ಚಿ ಆ ಉಸಿರನ್ನು ಎದೆತುಂಬ ಎಳೆದುಕೊಳ್ಳುತ್ತಾನೆ.