ಅಝೀಮನಿಗೆ ನಾನು ಒತ್ತಿದ ಸಾಕ್ಷಿ

ಸುಟ್ಟ ಮೋಟಾರನ್ನು ಮೂಸಿ ನೋಡಿಯೇ ಅಝೀಮ ಅದರ ರೋಗ ಹೇಳುತ್ತಿದ್ದ. ನೀರು ಹೊಕ್ಕು ಸುಟ್ಟದ್ದಕ್ಕೆ ಒಂದು ವಾಸನೆ, ಕರೆಂಟು ಏರಿಳಿದು ಸುಟ್ಟದ್ದಕ್ಕೆ ಇನ್ನೊಂದು. ಮುಂಡರಗಿ ಬಸ್‌ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ಅವನ ವೈಂಡಿಂಗ್ ಅಂಗಡಿ ಇತ್ತು. ಕೊರ್ಲಹಳ್ಳಿ ಹೊಳೆದಂಡೆಯ ಪಂಪುಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ತಾಮ್ರದ ತಂತಿ ಸುತ್ತುವಾಗ ತುಟಿ ಅಲ್ಲಾಡಿಸುತ್ತ ಸುತ್ತು ಎಣಿಸುತ್ತಿದ್ದ; ಆಗ ಯಾರು ಕರೆದರೂ ಓ ಅನ್ನುತ್ತಿರಲಿಲ್ಲ. ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಅವನ ತಾಯಿ ಫಕೀರಬಿ ಬೇಗ ತೀರಿಹೋದಳು, ಹೀಗಾಗಿ ಅವನು ಉಂಡ ರೊಟ್ಟಿಯಲ್ಲಿ ಅರ್ಧ ನನ್ನ ಒಲೆಯದು.

ಎತ್ತರ ಮಾತ್ರ ಅವನಿಗೆ ಆಗುತ್ತಿರಲಿಲ್ಲ. ಗದಗ ಬೇರೆ ಜಿಲ್ಲೆಯಾದ ವರ್ಷ ಅವನಿಗೆ ಒಂಬತ್ತು. ಗಾಳಿಪಟ ತೆಗೆಯಲು ಹುಣಸೆಮರ ಹತ್ತಿದವನು ಮೇಲೆ ಹೋಗಿ ಟೊಂಗೆಯನ್ನು ತಬ್ಬಿಕೊಂಡುಬಿಟ್ಟ. ಕಣ್ಣು ತೆರೆದೇ ಇದ್ದವು, ನಾವು ಕೂಗಿದ್ದು ಮಾತ್ರ ಅವನಿಗೆ ಕೇಳಿಸುತ್ತಿರಲಿಲ್ಲ. ನಮ್ಮ ಯಜಮಾನರು ಮೈಲಾರಲಿಂಗಪ್ಪನವರು ಮರ ಹತ್ತಿ, ಅವನ ಬೆರಳು ಒಂದೊಂದೇ ಬಿಡಿಸಿ, ಧೋತರದಿಂದ ಬೆನ್ನಿಗೆ ಕಟ್ಟಿಕೊಂಡು ಇಳಿಸಿದರು.

"ಇದನ್ನ ಯಾರ ಮುಂದೂ ಆಡಬ್ಯಾಡ. ನಾಳೆ ಗಂಡಸಾಗಿ ತಿರುಗಾಡಾಂವ," ಅಂದರು ನನಗೆ.

ಆಡಲಿಲ್ಲ. ಅವರು ತೀರಿಕೊಂಡ ಮೇಲೂ ಆಡಲಿಲ್ಲ. ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಲು ಅಝೀಮನ ಹೆಂಡತಿ ಅಮೀರಾಳೇ ಹತ್ತುತ್ತಿದ್ದಳು. ಅವಳೂ ಯಾಕೆಂದು ಕೇಳಲಿಲ್ಲ.

ರಸ್ತೆ ಅಗಲ ಮಾಡಲು ಅಂಗಡಿಯ ಸಾಲು ಕೆಡವುತ್ತಾರೆಂದು ಗೋಡೆಗೆ ಕೆಂಪು ಗುರುತು ಬಿತ್ತು. ಆ ವಾರವೇ ನನ್ನ ಮಗಳ ಮಗ ಸುಭಾಸ ಬಂದಿದ್ದ. ಬೆಟಗೇರಿಯಲ್ಲಿ ಕಂಪ್ಯೂಟರ್ ಕಲಿಸುತ್ತಾನೆ. ನೌಕರಿಯವರೆಲ್ಲ ಒಬ್ಬರಿಗೊಬ್ಬರು ಗುರುತು ಹೇಳಿಕೊಳ್ಳುವ ಜಾಲತಾಣ ಒಂದಿದೆಯಂತೆ. ಅದರಲ್ಲಿ ಅಝೀಮನಿಗೂ ಒಂದು ಪುಟ ಮಾಡಿಕೊಡಲು ಕುಳಿತ.

"ನನ್ನ ಫೋಟೋ ಯಾಕಲೇ? ಮೋಟಾರಿಂದು ಹಾಕು."

"ಕೆಲಸ ಬೇಕಾಗಿದ್ದು ಮೋಟಾರಿಗೆ ಅಲ್ಲ ಮಾಮಾ. ಬೆಳಕಿಗೆ ಮಕಾ ಮಾಡು. ಎಲ್ಲಾ ರಿಪೇರಿ ಮಾಡ್ತೀನಿ ಅಂತ ಬರಸಬ್ಯಾಡ, ಹಂಗ ಬರದ್ರ ಏನೂ ಬರೂದಿಲ್ಲ ಅಂತ ತಿಳೀತಾರ. ಎಷ್ಟ ವರ್ಷ, ಎಂಥಾ ಮೋಟಾರ, ಅಷ್ಟ ಹೇಳು."

ಹದಿನಾಲ್ಕು ವರ್ಷ, ಮೂರು ಎಚ್‌ಪಿಯಿಂದ ಐವತ್ತರವರೆಗೆ ಎಂದು ಬರೆದರು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಪುಟದ ಕೆಳಗೆ ಒಂದು ಜಾಗವಿತ್ತು. ಇವರಿಗೆ ಈ ಕೆಲಸ ಬರುತ್ತದೆಯೇ ಎಂದು ಅದು ಪರಿಚಯದವರನ್ನು ಕೇಳುತ್ತದೆ, ಹೌದು ಅನ್ನುವವರು ಒತ್ತಬೇಕು. ಚೇಷ್ಟೆಗೆಂದು ಸುಭಾಸ ನನ್ನದೂ ಒಂದು ಪುಟ ಮಾಡಿ, ನಾನು ಹೊಲಿದ ಕೌದಿಯ ಫೋಟೋ ಹಾಕಿದ. 'ಕೌದಿ ಹೊಲಿಗೆ' ಎಂಬುದರ ಮೇಲೆ ಮೊದಲು ಒತ್ತಿದವನು ಅಝೀಮ. ಹುಟ್ಟಿದಾಗಿನಿಂದ ನನ್ನ ಕೌದಿ ಹೊದ್ದು ಮಲಗಿದವನು.

ನಮ್ಮಲ್ಲಿ ಮುಯ್ಯಿ ಎಂಬುದಿದೆ. ಅವರು ನಮ್ಮ ಮನೆಯ ಮದುವೆಗೆ ಕುಪ್ಪಸದ ಒಂದು ಖಣ ತಂದಿದ್ದರೆ, ಅವರ ಮನೆಯ ಮದುವೆಗೆ ನಾವು ಖಣ ಒಯ್ಯಬೇಕು, ಮೇಲೊಂದು ಏನಾದರೂ ಇಡಬೇಕು. ಬರೀ ಖಣ ಕೊಟ್ಟರೆ ನೆಂಟಸ್ತಿಕೆ ಇಲ್ಲಿಗೆ ಸಾಕು ಎಂದಂತೆ. ಅವರು ಕೊಟ್ಟದ್ದನ್ನೇ ತಿರುಗಿ ಕೊಟ್ಟರಂತೂ ಮುಖಕ್ಕೆ ಎಸೆದಂತೆ. ಆ ಫೋನಿನೊಳಗೂ ನಮ್ಮ ಜನ ಹಾಗೆಯೇ ನಡೆದುಕೊಂಡರು.

ಲಕ್ಷ್ಮೇಶ್ವರದ ಇಲಿಯಾಸ ಅಮೀರಾಳ ದೂರದ ಸಂಬಂಧಿ. ಮೊಬೈಲ್ ಟವರಿನ ಹತ್ತಿರ ನಿಂತ ಫೋಟೋ ಅವನ ಪುಟದಲ್ಲಿತ್ತು. ಅವನು ಅಝೀಮನ ಮೋಟಾರ್ ಕೆಲಸಕ್ಕೆ ಒತ್ತಿದ. ಅಝೀಮ ಆ ಫೋಟೋ ನೋಡಿ 'ಟವರ್ ಹತ್ತುವುದು' ಎಂದು ಇಲಿಯಾಸನಿಗೆ ಒತ್ತಿದ. ಇಲಿಯಾಸ ಮುಯ್ಯಿಗೆ ಮೇಲೊಂದು ಇಟ್ಟ: 'ಎತ್ತರದ ಕೆಲಸ'.

ಅದನ್ನು ಕಂಡು ಅಝೀಮ ನಕ್ಕ, ಮುಖ ಮಾತ್ರ ನಗಲಿಲ್ಲ.

"ನೀ ಒಪ್ಪಿದ್ರಷ್ಟ ಸೇರತೈತಿ ಮಾಮಾ. ಬ್ಯಾಡಂದ್ರ ತಗೀಲೇನು?" ಎಂದು ಸುಭಾಸ ಕೇಳಿದ.

"ಕೊಟ್ಟ ಖಣ ತಿರುಗಿ ಒಗದಂಗ ಆಕ್ಕೈತಲೇ. ಇರ್ಲಿ ಬಿಡು. ಅದನ್ನ ಯಾರ ನೋಡ್ತಾರ?"

ಆಮೇಲೆ ಫೋನು ಓಣಿಯನ್ನೆಲ್ಲ ಕೇಳತೊಡಗಿತು: ಅಝೀಮನಿಗೆ ಎತ್ತರದ ಕೆಲಸ ಬರುತ್ತದೆಯೇ? ಮೋಟಾರ್ ರಿಪೇರಿಗೆ ಒತ್ತಿದವರೆಲ್ಲ ಇದಕ್ಕೂ ಒತ್ತಿದರು. ಒಂದು ಮಧ್ಯಾಹ್ನ ನನ್ನನ್ನೂ ಕೇಳಿತು. ಹುಣಸೆಮರ ಕಣ್ಣೆದುರಿಗೆ ಬಂತು. ಆದರೆ ನನ್ನ ಕೌದಿಗೆ ಅವನು ಒತ್ತಿದ್ದ, ನಾನು ಮುಯ್ಯಿ ತೀರಿಸಿರಲಿಲ್ಲ. ಒತ್ತಿದೆ. ಹತ್ತೊಂಬತ್ತನೆಯವಳು ನಾನು.

ಆಗ ಗುಡ್ಡದ ಮೇಲೆ ಗಾಳಿಯಿಂದ ಕರೆಂಟು ಮಾಡುವ ಫ್ಯಾನುಗಳು ಹೊಸದಾಗಿ ಎದ್ದಿದ್ದವು. ಅವನ್ನು ನೋಡಿಕೊಳ್ಳುವ ಗುತ್ತಿಗೆದಾರನೊಬ್ಬ ಅಝೀಮನಿಗೆ ಫೋನ್ ಮಾಡಿದ.

"ಹತ್ತೊಂಬತ್ತು ಮಂದಿ ಹೇಳ್ಯಾರ ನಿಮಗ ಬರತೈತಿ ಅಂತ. ಮತ್ತ ಟ್ರೇನಿಂಗ್ ಯಾಕ ಬೇಕ್ರಿ? ಸೋಮವಾರ ಬಂದಬಿಡ್ರಿ. ಲಕ್ಷ್ಮೇಶ್ವರದ ಇಲಿಯಾಸ ಅಂತ, ಅವರೂ ನಿಮ್ಮ ಜೋಡಿ ಅದಾರ."

ಫ್ಯಾನಿನ ಕಂಬದ ಹೊಟ್ಟೆಯೊಳಗೆ ಏಣಿ, ನೆಟ್ಟಗೆ ಮೇಲಕ್ಕೆ. ಇಬ್ಬರು ಕೂಡಿ ಹತ್ತಬೇಕು.

"ನಿನಗ ಆಗತೈತೇನಪಾ?" ಎಂದು ಗೋಡೆಯ ಈಚೆಯಿಂದ ಕೇಳಿದೆ.

"ಇಲಿಯಾಸ ಅದಾನಲ್ಲ ಆಯಿ. ಅವ ಟವರಿನಾಂವ. ಅವ ಮುಂದ ಹತ್ತಿದ್ರ ನಾ ಅವನ ಕಾಲ ನೋಡ್ಕೋತ ಹತ್ತೇನಿ."

ಭಾನುವಾರ ಮಧ್ಯಾಹ್ನ ಇಲಿಯಾಸ ಊಟಕ್ಕೆ ಬಂದ. ತೆಳ್ಳಗಿನ ಮನುಷ್ಯ, ಮಾತಾಡುವ ಮೊದಲೇ ನಗುವವನು. ಅಂಗಳದಲ್ಲಿ ಅವನ ಕೈಗೆ ನಾನು ತಂಬಿಗೆಯಿಂದ ನೀರು ಹಾಕುತ್ತಿದ್ದೆ. ದನಿ ಇಳಿಸಿ ಕೇಳಿದ:

"ಆಯಿ, ಅಝೀಮಭಾಯಿ ಭಾಳ ಎತ್ತರ ಹತ್ಯಾರೇನ್ರಿ?"

"ಯಾಕಪಾ?"

"ನಾ ಟವರಿನ ಬುಡಕ ಜನರೇಟರಿಗೆ ಡೀಸೆಲ್ ಹಾಕಾಂವ್ರಿ. ಮ್ಯಾಲ ಒಂದ ಮೆಟ್ಟಲಾನೂ ಹತ್ತಿಲ್ಲ. ಅವರು ಮುಂದಿದ್ರ ನಾ ಹಿಂದ ಹೋಗ್ತೀನಿ. ಅಮೀರಾಗ ಹೇಳಬ್ಯಾಡ್ರಿ, ಸಾಯೂತನಕ ಆಡಿಕೊಂಡ ನಗ್ತಾಳ."

ತಂಬಿಗೆಯ ನೀರು ಮುಗಿದಿತ್ತು. ಅವನು ಕೈ ಒಡ್ಡಿಕೊಂಡೇ ನಿಂತಿದ್ದ.

"ಇಲಿಯಾಸಭಾಯಿ, ಬರ್ರಿ, ರೊಟ್ಟಿ ಆರತಾವು," ಎಂದು ಒಳಗಿನಿಂದ ಅಝೀಮ ಕರೆದ.

ಸೋಮವಾರ ಏಳಕ್ಕೆ ಗುತ್ತಿಗೆದಾರನ ಗಾಡಿ ಬಂತು, ಮುಂದಿನ ಸೀಟಿನಲ್ಲಿ ಅವನ ಮೇಸ್ತ್ರಿ. ಇಲಿಯಾಸ ಆಗಲೇ ಒಳಗಿದ್ದ. ಅಝೀಮ ಹತ್ತಿ ಅವನ ಪಕ್ಕದಲ್ಲಿ ಕುಳಿತ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಧೈರ್ಯ ತಂದುಕೊಂಡದ್ದನ್ನು ನಾನು ಕಂಡೆ. ಹೋಗಿ ಗಾಡಿಯ ಬಾಗಿಲು ಹಿಡಿದೆ.

"ಇಂವಗ ಹತ್ತಾಕ ಬರೂದಿಲ್ರಿ," ಎಂದೆ ಮೇಸ್ತ್ರಿಗೆ. ಹುಣಸೆಮರದ್ದು ಹೇಳಿದೆ. ಬೆರಳು ಬಿಡಿಸಿದ್ದು, ಧೋತರ ಕಟ್ಟಿದ್ದು, ಎಲ್ಲ. ಓಣಿಯವರು ಬಾಗಿಲಿಗೆ ಬಂದು ನಿಂತಿದ್ದರು. ಎದುರು ಮನೆಯ ದುರಗವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು.

ಮೇಸ್ತ್ರಿ ಫೋನು ತೆಗೆದು ನೋಡಿದ. "ಕಳಕವ್ವ ಅಂದ್ರ ನೀವಲ್ರಿ? ನೀವೂ ಒತ್ತೀರಿ ಇಲ್ಲೆ."

"ಸುಳ್ಳ ಒತ್ತೀನಿ."

ಅಝೀಮನ ಮುಖ ಬೂದಿಯಾಗಿತ್ತು. ಇಳಿದ. ನನ್ನ ಕಡೆ ನೋಡದೆ ಮನೆಯೊಳಗೆ ಹೋಗಿ ಅಗಳಿ ಹಾಕಿಕೊಂಡ. ಇಲಿಯಾಸ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದ. ಅವನ ಮಾತನ್ನು ನಾನು ಆಡಿಯೇನೋ ಎಂಬ ಹೆದರಿಕೆಯೋ, ಆಡಲಿ ಎಂಬ ಬೇಡಿಕೆಯೋ, ನನಗೆ ತಿಳಿಯಲಿಲ್ಲ. ಒಬ್ಬನ ಮರ್ಯಾದೆ ಓಣಿಯಲ್ಲಿ ಚೆಲ್ಲಿದ ನಾಲಿಗೆ ಇನ್ನೊಬ್ಬನದಕ್ಕೆ ಏಳಲಿಲ್ಲ. ಅವನಿಗೆ ಜೋಡಿಯಾಗಿ ಮುಂದಿನ ಊರಿನಲ್ಲಿ ನೀಲಪ್ಪ ಎಂಬವನನ್ನು ಹತ್ತಿಸಿಕೊಳ್ಳುತ್ತೇವೆಂದು ಮೇಸ್ತ್ರಿ ಹೇಳಿದ. ಗಾಡಿ ಹೋಯಿತು.

ನನ್ನ ಹಿತ್ತಲಿನಿಂದ ಆ ಫ್ಯಾನುಗಳು ಕಾಣುತ್ತವೆ. ಕೆಲಸವಿದ್ದ ದಿನ ಒಂದನ್ನು ನಿಲ್ಲಿಸುತ್ತಾರೆ. ಅವತ್ತು ಎಡದಿಂದ ಎರಡನೆಯದು ನಿಂತಿತ್ತು. ಉಳಿದವು ತಿರುಗುತ್ತಿದ್ದವು. ನಾನು ಅಕ್ಕಿ ಹಸನು ಮಾಡುತ್ತ ಅದನ್ನೇ ನೋಡುತ್ತಿದ್ದೆ. ಬಿಸಿಲು ನೆತ್ತಿಗೆ ಬರುವ ಮೊದಲೇ ಖಬರ ಬಂತು. ಏಣಿಯ ಅರ್ಧದಲ್ಲಿ ಇಲಿಯಾಸ ಸೊಂಟದ ಪಟ್ಟಿಯ ಕೊಕ್ಕೆ ಬಿಚ್ಚಿ, ಮೇಲೆ ಸಿಕ್ಕಿಸಲು ಬಾರದೆ ಏಣಿಯನ್ನು ತಬ್ಬಿಕೊಂಡು ನಿಂತನಂತೆ. ನೀಲಪ್ಪ ಕೆಳಗಿನಿಂದ ಕೂಗಿದರೆ ಕೇಳಿಸಲಿಲ್ಲವಂತೆ. ಬೆರಳು ಬಿಡಿಸಿ ಬೆನ್ನಿಗೆ ಕಟ್ಟಿಕೊಳ್ಳುವವರು ಅಲ್ಲಿ ಯಾರೂ ಇರಲಿಲ್ಲ. ಬೆರಳು ತಾವೇ ಬಿಟ್ಟವು.

ಇಲಿಯಾಸನ ಮಣ್ಣಿಗೆ ಹೋಗಿ ಬಂದ ಮೇಲೂ ಅಝೀಮ ನನ್ನ ಸಂಗಡ ಮಾತಾಡಲಿಲ್ಲ. ಅಂಗಡಿ ಬಿದ್ದ ಮೇಲೆ ತನ್ನ ಅಂಗಳದಲ್ಲೇ ತಂತಿ ಸುತ್ತುತ್ತ ಕುಳಿತ. ರೊಟ್ಟಿಯನ್ನು ಅಮೀರಾಳ ಕೈಗೆ ಕೊಡುತ್ತಿದ್ದೆ, ಉಣ್ಣುತ್ತಿದ್ದನೋ ಇಲ್ಲವೋ ಕೇಳಲಿಲ್ಲ.

ಹೋದ ವಾರ ನನ್ನ ಹೊಸ್ತಿಲಿಗೆ ಬಂದ. ಫೋನು ಮುಂದೆ ಹಿಡಿದ.

"ಕನ್ನಡಕ ಒಳಗೈತಿ. ನೀನ ಓದು."

"ಇಲಿಯಾಸ ಅವರು ಹೊಸ ಕೆಲಸಕ್ಕೆ ಸೇರಿ ಒಂದು ವರ್ಷವಾಯಿತು. ಶುಭಾಶಯ ಹೇಳಿ," ಎಂದು ಓದಿದ. ಆ ಭಾನುವಾರ ಉಂಡು ಹೋದವನೇ ಇಲಿಯಾಸ ಹೊಸ ನೌಕರಿಯನ್ನು ತನ್ನ ಪುಟದಲ್ಲಿ ಬರೆದುಕೊಂಡಿದ್ದನಂತೆ. "ಹನ್ನೊಂದು ಮಂದಿ ಶುಭಾಶಯ ಹೇಳ್ಯಾರ ಆಯಿ."

ಫೋನು ಇಳಿಸಿ ನನ್ನ ಮುಖ ನೋಡಿದ.

"ಅವಗೂ ಬರೂದಿಲ್ಲಂತ ನಿನಗ ಗೊತ್ತಿತ್ತೇನ?"

"ಗೊತ್ತಿತ್ತು," ಎಂದೆ.

ಅವನು ಹೊಸ್ತಿಲ ಮೇಲೆ ಕುಳಿತ. "ಅವಗ ಮೊದಲ ಒತ್ತಿದಾಂವ ನಾನು," ಅಂದ. ಬೆರಳಿನಿಂದ ಪರದೆಯನ್ನು ಕೆಳಗೆ ಸರಿಸುತ್ತ ಇಲಿಯಾಸನಿಗೆ ಒತ್ತಿದವರ ಹೆಸರು ಒಂದೊಂದೇ ನೋಡತೊಡಗಿದ. ತುಟಿ ಅಲ್ಲಾಡುತ್ತಿದ್ದವು. ಎರಡು ಸಲ ಕರೆದೆ. ಓ ಅನ್ನಲಿಲ್ಲ.