ಬಾಲದ ಟೀಚರ್

ನಮ್ಮಕ್ಕನಿಗೆ ಬೀದಿಯವರೆಲ್ಲ ಬಾಲದ ಟೀಚರ್ ಅಂತಾರೆ. ಮೊದಮೊದಲು ಯಾರಾದ್ರೂ ಹಾಗಂದ್ರೆ ನಾನು ಕೈಯಲ್ಲಿದ್ದ ಕತ್ತರಿ ಸಮೇತ ಅಂಗಡಿಯಿಂದ ಹೊರಗೆ ಬರ್ತಿದ್ದೆ. ನಾನು ದರ್ಜಿ, ಕೋಪ ನನಗೆ ಮೂಗಿನ ತುದೀಲೇ ಇರುತ್ತೆ. ಆಮೇಲೆ ಗೊತ್ತಾಯ್ತು, ಅವರು ಪ್ರೀತಿಯಿಂದಾನೇ ಹಾಗನ್ನೋದು ಅಂತ.

ಅವಳು ಇಂಗ್ಲಿಷ್ ಹೇಳ್ಕೊಡೋದೇ ಹಾಗೆ. ಪದದ ತಲೆ ಬಿಟ್ಟು ಬಾಲ ಹಿಡೀತಾಳೆ. ಮದುವೆಗೆ ಮುಂಚೆ ಒಂದು ಅಚ್ಚಿನ ಮನೇಲಿ ನಿಘಂಟಿನ ಪ್ರೂಫ್ ತಿದ್ದೋ ಕೆಲಸ ಮಾಡ್ತಿದ್ಳು. ಸಾವಿರಾರು ಪದ ನೋಡಿ ನೋಡಿ, ಯಾವ ಬಾಲ ಎಲ್ಲೆಲ್ಲಿ ಅಂಟುತ್ತೆ ಅನ್ನೋದು ಅವಳಿಗೆ ಬಾಯಿಪಾಠ ಆಗಿಬಿಟ್ಟಿತ್ತು. ಮದುವೆ ಆದ್ಮೇಲೆ ಗಂಡ ಅನ್ನಿಸಿಕೊಂಡೋನು ಆ ಕೆಲಸ ಬಿಡಿಸಿದ. ಮನೆಯ ಮುಂದಿನ ಕೋಣೇಲಿ ಸಂಜೆ ಕ್ಲಾಸ್ ಶುರು ಮಾಡಿದ್ಳು. ಬರೋರೆಲ್ಲ ದುಡಿಯೋ ದೊಡ್ಡೋರು. ಆಂಬುಲೆನ್ಸ್ ಡ್ರೈವರ್ ಒಬ್ಬ, ಬ್ಯಾಂಕ್ ಕಾಯೋ ವಾಚ್‌ಮನ್ ತಾತ ಒಬ್ಬರು, ಆಸ್ಪತ್ರೆಯ ಆಯಾ ಒಬ್ಬಳು, ಹೀಗೆ. ಪಕ್ಕದ ಕೋಣೇನೇ ನನ್ನ ಅಂಗಡಿ. ನಡುವೆ ಒಂದು ಬಾಗಿಲು, ಅದಕ್ಕೆ ಚಿಲಕ ನೆಟ್ಟಗಿರಲಿಲ್ಲ. ಹಾಗಾಗಿ ಹೊಲಿಗೆ ಮಿಷನ್ ತುಳೀತಾ ನಾನೂ ಅರ್ಧ ಇಂಗ್ಲಿಷ್ ಕಲಿತೆ.

ಅವಳ ಕ್ಲಾಸಿಗೆ ಒಂದು ಕಟ್ಟುನಿಟ್ಟು ಇತ್ತು. ಹೊಸ ಪದ ಬಂದ್ರೆ ಎದ್ದು ನಿಂತು ಅದನ್ನ ಬಳಸಿ ಒಂದು ವಾಕ್ಯ ಹೇಳ್ಬೇಕು. ವಾಕ್ಯ ನಿಜ ಇರ್ಬೇಕು. ನಿಜ ಆದ್ರೆ ಅಕ್ಕ, "ಸರಿ, ಮುಂದಿನ ವಾಕ್ಯ" ಅಂತಾಳೆ. ಸುಳ್ಳಾದ್ರೆ, "ಸುಳ್ಳು. ಕೂತ್ಕೊಳ್ಳಿ" ಅಂತಾಳೆ. ಕೂತವರು ಯೋಚನೆ ಮಾಡಿ ಕೈ ಎತ್ತಿದ್ರೆ ಇನ್ನೊಂದು ಅವಕಾಶ. ಸುಳ್ಳು ಹೇಳ್ತಾ ಕಲಿತ ಮಾತು ನಾಲಿಗೆಗೆ ಅಂಟಲ್ಲ ಅನ್ನೋದು ಅವಳ ವಾದ.

‘ಲೆಸ್’ ಅನ್ನೋ ಬಾಲದ ದಿನ ನಂಗಿನ್ನೂ ನೆನಪಿದೆ. ಇದು ಎಲ್ಲಿ ಅಂಟಿದ್ರೂ ಅಲ್ಲಿ ಏನೋ ಒಂದು ಇಲ್ಲ ಅಂತ ತಿಳ್ಕೊಳ್ಳಿ ಅಂದ್ಳು. ಹೋಮ್‌ಲೆಸ್ ಅಂದ್ರೆ ಮನೆ ಇಲ್ಲ, ಜಾಬ್‌ಲೆಸ್ ಅಂದ್ರೆ ಕೆಲಸ ಇಲ್ಲ, ಹಾರ್ಮ್‌ಲೆಸ್ ಅಂದ್ರೆ ಯಾರಿಗೂ ಕೆಡುಕು ಇಲ್ಲ. ಆಯಾ ಎದ್ದಳು. ಬಾಯಿ ಬಿಟ್ರೆ ಮುತ್ತು ಉದುರುತ್ತೆ ಅನ್ನೋ ಹಾಗೆ ಪಿಸುಗುಡೋ ಹೆಂಗಸು. "ಮೈ ಮದರ್ ಇನ್ ಲಾ ಈಸ್ ಹಾರ್ಮ್‌ಲೆಸ್" ಅಂದ್ಳು.

"ಸುಳ್ಳು. ಕೂತ್ಕೊಳ್ಳಿ" ಅಂದ್ಳು ಅಕ್ಕ. ಆ ಅತ್ತೆ ಎಂಥವಳು ಅಂತ ಇಡೀ ಬೀದಿಗೆ ಗೊತ್ತಿತ್ತು.

ಆಯಾ ಕೂತ್ಳು. ಸ್ವಲ್ಪ ಹೊತ್ತು ಬಿಟ್ಟು ಕೈ ಎತ್ತಿ ಎದ್ದಳು. "ಮೈ ಮದರ್ ಇನ್ ಲಾ ಈಸ್ ಟೂತ್‌ಲೆಸ್."

ವಾಚ್‌ಮನ್ ತಾತ ನಕ್ಕೂ ನಕ್ಕೂ ಕೆಮ್ಮಿದ್ರು. ನಾನು ನಕ್ಕಿದ್ದಕ್ಕೆ ಹೊಲಿಗೆ ಸೊಟ್ಟಗಾಯ್ತು.

ಇಷ್ಟು ಸತ್ಯ ಕೇಳೋ ನಮ್ಮಕ್ಕ ಮಾತ್ರ ವಾರಕ್ಕೊಂದು ಸುಳ್ಳು ಹೇಳ್ತಿದ್ಳು. ಕಣ್ಣು ಊದಿಸಿಕೊಂಡು ಬಂದು, ಬಾತ್‌ರೂಮಲ್ಲಿ ಜಾರಿ ಬಿದ್ದೆ ಅಂತಿದ್ಳು. ಅವಳ ಬಾತ್‌ರೂಮಿನಷ್ಟು ಜಾರೋ ಜಾಗ ಲೋಕದಲ್ಲೇ ಇರಲಿಕ್ಕಿಲ್ಲ. ಅವಳ ಗಂಡ, ಅಂದ್ರೆ ನಮ್ಮ ಭಾವ ಅನ್ನೋ ಮಹಾನುಭಾವ, ಮನೆಮನೆಗೆ ಹೋಗಿ ಇಲಿ, ಜಿರಳೆ, ಗೆದ್ದಲು ಕೊಲ್ಲೋನು. ಮನೆ ಹಿಂದೇನೇ ಅವನ ಗೋದಾಮು, ಅದರ ತುಂಬಾ ವಿಷದ ಡಬ್ಬಿಗಳು. ಜಿರಳೆಗೆ ಔಷಧಿ ಹೊಡೆದು ಬಂದ ಕೈಯಲ್ಲೇ ಅಕ್ಕನಿಗೆ ಹೊಡೀತಿದ್ದ. ಕೂದಲು ಹಿಡಿದು ಗೋಡೆಗೆ ಗುದ್ದಿಸ್ತಿದ್ದ. ಒಂದು ಸಲ ಎಡಗೈ ಬೆರಳುಗಳನ್ನ ಬಾಗಿಲ ಸಂದೀಲಿಟ್ಟು ಬಾಗಿಲು ಒದ್ದ. ಆ ಬೆರಳುಗಳು ಇವತ್ತಿಗೂ ನೆಟ್ಟಗಾಗಿಲ್ಲ. ಯಾಕೆ ಅಂದ್ರೆ ಊಟ ಆರಿತ್ತು. ಇನ್ನೊಂದು ದಿನ ಊಟ ಬಿಸಿ ಇತ್ತು. ಹೊಡೆಯೋನಿಗೆ ಕಾರಣಕ್ಕೇನು ಬರ.

ನನಗೆ ಮೈಯೆಲ್ಲ ಉರೀತಿತ್ತು. "ಬಾರೇ ಅಕ್ಕ, ಅಂಗಡಿ ಹಿಂದೆ ಕೋಣೆ ಇದೆ, ನನ್ನ ಜೊತೆ ಇರು" ಅಂದ್ರೆ, "ಸುಮ್ನಿರೇ, ಬಾಯಿ ಮುಚ್ಚು" ಅಂತಿದ್ಳು. ಒಂದು ಸಲ ನಾನೇ ಪೊಲೀಸರನ್ನ ಕರೆಸಿದೆ. ಅವರ ಮುಂದೆ ಜಾರಿ ಬಿದ್ದೆ ಅಂದ್ಳು. ಅವರು ಬೀದಿ ದಾಟಿರಲಿಲ್ಲ, ಅವನು ಅವಳನ್ನ ಮೆಟ್ಟಿಲ ಮೇಲಿಂದ ತಳ್ಳಿದ. ಇನ್ನೊಂದು ಸಲ ಪೊಲೀಸ್ ಬಂದ್ರೆ ಗೋದಾಮಲ್ಲೇ ಹೂತುಬಿಡ್ತೀನಿ ಅಂದ. ಅವನು ಹೇಳಿದ್ದು ಮಾಡೋನೇ ಅಂತ ನಮ್ಮಿಬ್ಬರಿಗೂ ಗೊತ್ತಿತ್ತು.

ಒಂದು ಸಂಜೆ ‘ಸೈಡ್’ ಅನ್ನೋ ಬಾಲದ ಪಾಠ. ಕೇಳಿದ್ದು ಆಂಬುಲೆನ್ಸ್ ಡ್ರೈವರ್. "ಹೆಣ ಎತ್ತೋಕೆ ಹೋದ್ರೆ ಪೊಲೀಸರು ಸೂಸೈಡಾ, ಹೋಮಿಸೈಡಾ ಅಂತ ಮಾತಾಡ್ಕೋತಾರೆ ಟೀಚರ್. ನಾನು ಹೂಂ ಹೂಂ ಅಂತ ತಲೆ ಆಡಿಸ್ತೀನಿ ಅಷ್ಟೆ" ಅಂದಿದ್ದ.

ಅಕ್ಕನಿಗೆ ಪದದ ಜೊತೆ ಸಾಮಾನು ತೋರಿಸೋ ಚಟ. ಗೋದಾಮಿಗೆ ಹೋಗಿ ಗಂಡನ ಡಬ್ಬಿಗಳನ್ನ ಎತ್ಕೊಂಡು ಬಂದು ಮೇಜಿನ ಮೇಲೆ ಸಾಲಾಗಿ ಇಟ್ಳು. ಅವನು ಹೊರಗೆ ಹೋಗಿದ್ದ, ಬರೋದು ತಡ ಆಗುತ್ತೆ ಅನ್ಕೊಂಡಿದ್ಳು. ಅವನ ಸಾಮಾನು ಮುಟ್ಟಿದ್ರೆ ಅವನು ಹುಲಿ ಆಗ್ತಾನೆ ಅಂತ ಗೊತ್ತಿದ್ದೂ ಯಾಕೆ ತಂದ್ಳೋ. ಪಾಠ ಅಂದ್ರೆ ಅವಳಿಗೆ ಬೇರೆ ಯಾವುದೂ ಕಣ್ಣಿಗೆ ಕಾಣ್ತಿರಲಿಲ್ಲ.

"ಈ ಬಾಲ ಎಲ್ಲಿದೆಯೋ ಅಲ್ಲಿ ಸಾವಿದೆ" ಅಂದ್ಳು. ಒಂದೊಂದೇ ಡಬ್ಬಿ ಎತ್ತಿ ತೋರಿಸಿದ್ಳು. ಇನ್ಸೆಕ್ಟಿಸೈಡ್, ಹುಳ ಕೊಲ್ಲೋದು. ಹರ್ಬಿಸೈಡ್, ಕಳೆ ಕೊಲ್ಲೋದು. ಫಂಗಿಸೈಡ್, ಬೂಷ್ಟು ಕೊಲ್ಲೋದು. "ಇಲ್ಲಿ ತನಕ ಈ ಬಾಲ ಒಂದು ವಸ್ತು. ಡಬ್ಬೀಲಿ ತುಂಬ್ಬಹುದು, ಮಾರ್ಬಹುದು. ಮನುಷ್ಯನ ವಿಷಯಕ್ಕೆ ಬಂದ್ರೆ ಅದು ವಸ್ತು ಅಲ್ಲ, ಕೃತ್ಯ. ಸೂಸೈಡ್, ತನ್ನನ್ನೇ ಕೊಂದುಕೊಳ್ಳೋದು. ಹೋಮಿಸೈಡ್, ಇನ್ನೊಬ್ಬ ಮನುಷ್ಯನ್ನ ಕೊಲ್ಲೋದು. ಇನ್‌ಫ್ಯಾಂಟಿಸೈಡ್, ಎಳೇ ಕೂಸನ್ನ ಕೊಲ್ಲೋದು."

ವಾಚ್‌ಮನ್ ತಾತ ತಲೆ ಕೆರ್ಕೊಂಡ್ರು. "ಹೆಂಡ್ತೀನ ಕೊಂದ್ರೆ ಏನಮ್ಮಾ? ಅದಕ್ಕೂ ಬೇರೆ ಪದ ಇದೆಯಾ?"

"ಇದೆ ತಾತ" ಅಂದ್ಳು ಅಕ್ಕ. ಬೋರ್ಡ್ ಮೇಲೆ ‘ಅಕ್ಸೋರಿಸೈಡ್’ ಅಂತ ಬರೆದ್ಳು. ಈ ಪದಕ್ಕೆ ವಾಕ್ಯ ಹೇಳಿ ಅಂತ ಅವಳು ಯಾರನ್ನೂ ಕೇಳಲಿಲ್ಲ. ಕೋಣೇಲಿ ಯಾರೂ ಅವಳ ಮುಖ ನೋಡಲಿಲ್ಲ.

ಅಷ್ಟರಲ್ಲಿ ಗೋದಾಮಿನ ಬಾಗಿಲು ಧಡಾರ್ ಅಂತು. "ನನ್ನ ಡಬ್ಬಿ ಯಾರೇ ಮುಟ್ಟಿದ್ದು?" ಅಂತ ಕೂಗಿಕೊಂಡೇ ಬಂದ. ಯಾವತ್ತೂ ಕ್ಲಾಸಿನವರ ಮುಂದೆ ಕೈ ಎತ್ತಿದೋನಲ್ಲ. ಅವತ್ತು ಅವನಿಗೆ ಜನ ಕಾಣಲೇ ಇಲ್ಲ. ಒಂದು ಡಬ್ಬಿ ಎತ್ತಿ ಅಕ್ಕನ ಬಾಯಿಗೆ ಬೀಸಿದ. ಹಲ್ಲು ಮುರಿದ ಸದ್ದು ನನ್ನ ಅಂಗಡಿಗೆ ಕೇಳ್ತು. ಅವಳ ಬಲಗೈ ಹಿಡಿದು ಹಿಂದಕ್ಕೆ ತಿರುಚಿದ, ಅದು ಲಟ್ಟಂತ ಮುರೀತು. ಕೂದಲು ಹಿಡಿದು ಬೋರ್ಡಿಗೆ ತಲೆ ಗುದ್ದಿದ. ಆಮೇಲೆ ಎರಡೂ ಕೈಯಲ್ಲಿ ಕತ್ತು ಹಿಚುಕಿದ. "ನನ್ನ ಡಬ್ಬೀಲಿ ಪಾಠ ಮಾಡ್ತೀಯಾ? ಮಾಡು, ಈಗ ಮಾಡು!"

ಡ್ರೈವರ್ ಎದ್ದ, ಆದ್ರೆ ಕಾಲು ಮುಂದಕ್ಕೆ ಬರಲಿಲ್ಲ. ಗಂಡ ಹೆಂಡಿರ ವಿಷಯ ಅಂತ ಎಲ್ಲರೂ ಕಲ್ಲಾಗಿಬಿಟ್ಟಿದ್ರು. ನಾನು ಬಾಗಿಲು ಒದ್ದು ಒಳಗೆ ಬಂದಾಗ ಅಕ್ಕನ ಕಣ್ಣು ಮೇಲಕ್ಕೆ ಹೋಗಿತ್ತು, ನಾಲಿಗೆ ಹೊರಗಿತ್ತು. ನನ್ನ ಕೈಯಲ್ಲಿ ಬಟ್ಟೆ ಕತ್ತರಿಸೋ ದೊಡ್ಡ ಕತ್ತರಿ. ನಾನು ಯೋಚನೆ ಮಾಡಲಿಲ್ಲ. ಅವನ ಭುಜಕ್ಕೆ ಚುಚ್ಚಿದೆ. ಬಿಡಲಿಲ್ಲ. ಕಿತ್ತು ಇನ್ನೊಂದು ಸಲ ಚುಚ್ಚಿದೆ, ಮೂಳೆಗೆ ತಾಗೋ ಹಾಗೆ. ಆಗ ಬಿಟ್ಟ. ರಕ್ತ ನನ್ನ ಮುಖಕ್ಕೆ ಚಿಮ್ಮಿತು. ಅವನು ನನ್ನ ಹೊಟ್ಟೆಗೆ ಒದ್ದ, ಡಬ್ಬಿಗಳೆಲ್ಲ ಉರುಳಿದ್ವು. ಆಮೇಲೆ ಡ್ರೈವರಿಗೂ ತಾತನಿಗೂ ಜೀವ ಬಂತು. ಇಬ್ಬರೂ ಅವನನ್ನ ಕೆಡವಿ ಅವನ ಮೇಲೆ ಕೂತ್ರು. ಮಾಡಿದ್ದಕ್ಕೆ ನನಗೆ ಆವತ್ತೂ ಪಶ್ಚಾತ್ತಾಪ ಇರಲಿಲ್ಲ, ಇವತ್ತೂ ಇಲ್ಲ. ಆಯಾ ನನ್ನ ಅಂಗಡಿಯಿಂದ ಬಟ್ಟೆ ತಂದು, ಮೊದಲು ಅಕ್ಕನ ತಲೆಗೆ, ಆಮೇಲೆ ಆ ಪಾಪಿಯ ಭುಜಕ್ಕೆ ಕಟ್ಟಿದ್ಳು.

ಗಲಾಟೆ ಕೇಳಿ ಯಾರೋ ಪೊಲೀಸರಿಗೆ ಫೋನ್ ಮಾಡಿದ್ರು. ಇನ್‌ಸ್ಪೆಕ್ಟರ್ ಬಂದಾಗ ನಾನಿನ್ನೂ ಕತ್ತರಿ ಹಿಡ್ಕೊಂಡೇ ನಿಂತಿದ್ದೆ. ಭಾವ ನೆಲದ ಮೇಲಿಂದಾನೇ ಶುರು ಹಚ್ಕೊಂಡ. "ಸಾರ್, ನನ್ನ ಹೆಂಡ್ತಿ ಕಾಲು ಜಾರಿ ಬಿದ್ಳು. ಎತ್ತೋಕೆ ಬಗ್ಗಿದೆ. ಇವಳು ಅವಳ ತಂಗಿ, ನನ್ನ ಕಂಡ್ರೆ ಆಗಲ್ಲ. ಹಿಂದಿನಿಂದ ಬಂದು ಚುಚ್ಚಿದ್ಳು. ನನ್ನ ಹೆಂಡ್ತೀನೇ ಕೇಳಿ."

ಕಾನ್‌ಸ್ಟೇಬಲ್ ನನ್ನ ಮಣಿಕಟ್ಟು ಹಿಡ್ಕೊಂಡ. ಇನ್‌ಸ್ಪೆಕ್ಟರ್ ಅಕ್ಕನ ಕಡೆ ತಿರುಗಿದ್ರು. "ನೀವು ಹೇಳಿ ಅಮ್ಮಾ. ಏನಾಯ್ತು?"

ಅವಳು ಒಂದು ಮಾತು ತಪ್ಪಿದ್ರೆ ನಾನು ಜೈಲಿಗೆ, ಅವಳು ಮತ್ತೆ ಅದೇ ಮನೇಲಿ ಅವನ ಕೈಗೆ. ನಾನಿಲ್ಲದ ಮೇಲೆ ಆ ಬಾಗಿಲು ಒದ್ದು ಒಳಗೆ ಬರೋರು ಯಾರು?

ಅಕ್ಕ ಮೇಜು ಹಿಡ್ಕೊಂಡು ಎದ್ದು ನಿಂತ್ಳು. ಅವನು ಅವಳನ್ನೇ ನೋಡ್ತಿದ್ದ. ಅವಳ ತುಟಿಯಿಂದ ರಕ್ತ ತೊಟ್ಟಿಕ್ತಿತ್ತು. "ಏನಿಲ್ಲ ಸಾರ್" ಅಂದ್ಳು. "ಜಾರಿ ಬಿದ್ದೆ."

ಅವನು ನಕ್ಕ. ಕಾನ್‌ಸ್ಟೇಬಲ್ ನನ್ನ ಕೈಯಿಂದ ಕತ್ತರಿ ಕಿತ್ಕೊಂಡು, ನಡೀ ಅಂತ ಎಳೆದ. ನನಗೆ ಅಕ್ಕನ ಮೇಲೆ ಎಂಥ ಸಿಟ್ಟು ಬಂತು ಅಂದ್ರೆ, ಹೇಳಬಾರದು.

"ಸುಳ್ಳು."

ಎಲ್ಲರೂ ತಿರುಗಿ ನೋಡಿದ್ರು. ಆಯಾ. ಬಟ್ಟೆಯ ಚೂರನ್ನ ಎದೆಗೆ ಅವಚಿಕೊಂಡು ನಿಂತಿದ್ಳು. "ಸುಳ್ಳು. ಕೂತ್ಕೊಳ್ಳಿ ಟೀಚರ್."

ಇನ್‌ಸ್ಪೆಕ್ಟರಿಗೆ ಏನೂ ಅರ್ಥ ಆಗಲಿಲ್ಲ. ಅಕ್ಕ ಆಯಾಳನ್ನ ನೋಡಿದ್ಳು, ಆಮೇಲೆ ನನ್ನ ಮಣಿಕಟ್ಟು ಹಿಡಿದಿದ್ದ ಕೈ ನೋಡಿದ್ಳು. ಮೆಲ್ಲಗೆ ಬೆಂಚಿನ ಮೇಲೆ ಕೂತ್ಳು. ಅವನು ಕೆಳಗಿನಿಂದ ಏನೋ ಗುರ್ ಅಂದ, ಡ್ರೈವರ್ ಅವನ ಬೆನ್ನ ಮೇಲೆ ಇನ್ನಷ್ಟು ಭಾರ ಹಾಕಿದ.

ಅಕ್ಕ ಕೈ ಎತ್ತಿದ್ಳು. ಬಲಗೈ ಏಳಲಿಲ್ಲ. ಎಡಗೈ ಎತ್ತಿದ್ಳು, ಆ ಸೊಟ್ಟ ಬೆರಳುಗಳದ್ದು.

"ಹೇಳಮ್ಮಾ" ಅಂದ್ರು ವಾಚ್‌ಮನ್ ತಾತ.

ಅಕ್ಕ ಎದ್ದು ನಿಂತ್ಳು. "ನಾನು ಬೀಳಲಿಲ್ಲ ಸಾರ್. ಇವನು ನನ್ನ ಕತ್ತು ಹಿಚುಕಿದ. ನನ್ನ ತಂಗಿ ಬರದೆ ಇದ್ದಿದ್ರೆ ನಾನು ಸತ್ತಿರ್ತಿದ್ದೆ."

ಕಾನ್‌ಸ್ಟೇಬಲ್ ನನ್ನ ಕೈ ಬಿಟ್ಟ. ನಾನು ಗೊಳೋ ಅಂತ ಅತ್ತುಬಿಟ್ಟೆ. ಅವನಿಗೆ ಚುಚ್ಚುವಾಗ ಬಾರದ ಅಳು ಆಗ ಬಂತು.

ಆಯಾ ಕಣ್ಣು ಒರೆಸ್ಕೊಂಡ್ಳು. "ಸರಿ ಟೀಚರ್" ಅಂದ್ಳು. "ಮುಂದಿನ ವಾಕ್ಯ."

ಅಕ್ಕ ಸೊಟ್ಟ ಬೆರಳುಗಳನ್ನ ಇನ್‌ಸ್ಪೆಕ್ಟರಿಗೆ ತೋರಿಸಿ ಮುಂದಿನ ವಾಕ್ಯ ಹೇಳಿದ್ಳು. ಅದರ ಮುಂದಿನದನ್ನೂ ಹೇಳಿದ್ಳು. ಅವರು ಬೆಂಚು ಎಳ್ಕೊಂಡು ಕೂತು ಬರೆಯೋಕೆ ಶುರು ಮಾಡಿದ್ರು.